ಮಿರಗದ ಮಳೆಗೆ ನಿಂತ ವೈಪರ್

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಸಿಟ್ಟಿಲ್ಲದವನನ್ನು ಊರು ಮೂರು ಕಾಸಿಗೆ ಮಾರುತ್ತದೆ ಎಂದು ಚಹಾದಂಗಡಿಯಲ್ಲಿ ಕೂತು ನಾನೇ ಭಾಷಣ ಬಿಗಿಯುತ್ತಿದ್ದೆ. ಈಗ ಆ ಮಾತಿಗೆ ಬಾಯಿ ಏಳುವುದಿಲ್ಲ. ಹಳೆಯ ಪಿಕಪ್ ಗಾಡಿಯ ವೈಪರ್ ಮೋಟರೊಂದು ನನ್ನ ಬಾಯಿ ಕಟ್ಟಿಹಾಕಿದೆ. ಹೆಂಡತಿ ಇದನ್ನೆಲ್ಲ ಬರೆದಿಡು ಎಂದಳು. ಬರೆದರೆ ಹಗುರಾಗುತ್ತದೆ ಅಂತಲ್ಲ, ಬರೆದದ್ದನ್ನು ಆಮೇಲೆ ತಿರುಚಿ ಹೇಳಲು ಬರುವುದಿಲ್ಲ ಅಂತ. ಅವಳಿಗೆ ನನ್ನ ಗುಣ ಗೊತ್ತು.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಗೆ ನಮ್ಮದೊಂದು ಸಸಿ ನರ್ಸರಿ ಇದೆ. ಮೆಣಸಿನಕಾಯಿ, ಟೊಮ್ಯಾಟೊ, ಬದನೆ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ರೈತರ ಹೊಲಕ್ಕೆ ಮುಟ್ಟಿಸುವುದು ನಮ್ಮಿಬ್ಬರ ಕಸುಬು. ಮುಟ್ಟಿಸಲು ಇರುವುದು ನನಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನ ಒಂದು ಪಿಕಪ್. ಮುಂದೆ ಜೀಪಿನ ಮುಖ, ಹಿಂದೆ ಮರದ ಹಲಗೆಯ ತೊಟ್ಟಿ. ಹಂಪಿಯ ಕಡೆ ಹೋದರೆ ಹೊರದೇಶದವರು ಕಲ್ಲಿನ ಮಂಟಪ ಬಿಟ್ಟು ಇದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ಹೊಸ ಗಾಡಿ ತಗೊಳ್ಳಿ ಎನ್ನುವವರಿಗೆಲ್ಲ ನನ್ನ ಉತ್ತರ ಒಂದೇ: ಇದರಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ವೈಪರ್ ಮೋಟರಂತೂ ಕೈಗೆ ತೀರಾ ಹತ್ತಿರ. ಈಗಿನ ಗಾಡಿಗಳಲ್ಲಿ ಅದು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ. ನನ್ನ ಗಾಡಿಯಲ್ಲಿ ಡ್ರೈವರನ ಹಣೆಯ ನೇರಕ್ಕೆ, ಗಾಜಿನ ಚೌಕಟ್ಟಿನ ಮೇಲೆ, ಒಳಮಗ್ಗುಲಿಗೇ ಕೂತಿದೆ. ಅದರ ಸದ್ದು ಗಾಡಿಯ ಮೈಗೆಲ್ಲ ಹರಡದಿರಲೆಂದು ಕೆಳಗೆ ರಬ್ಬರ್ ಕೊಟ್ಟಿದ್ದಾರೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲವಲ್ಲ, ಅದಕ್ಕೇ ಮೋಟರಿನ ಮೈಯಿಂದ ಗಾಡಿಯ ಮೈಗೆ ಒಂದು ಕರಿ ವೈರು. ಅದೇ ಅರ್ತಿಂಗ್. ಅದು ಕಳಚಿದರೆ ಮೋಟರು ಎಷ್ಟು ಗಟ್ಟಿಯಿದ್ದರೂ ಅಲ್ಲಾಡುವುದಿಲ್ಲ.

ಈ ಕರಿ ವೈರಿನ ವಿಷಯದಲ್ಲಿ ಸಂಡೂರು ಕಡೆಯ ಅದಿರು ಲಾರಿಯವರದು ಒಂದು ರೂಢಿ. ಹರೆಯದಲ್ಲಿ ಎಂಟು ವರ್ಷ ನಾನೂ ಅದಿರು ಲಾರಿ ಓಡಿಸಿದವನೇ. ಮಳೆಗಾಲ ಮುಗಿದ ಮೇಲೆ ಅಲ್ಲಿ ಗಾಜಿನ ಮೇಲೆ ಕೂರುವುದು ಬರೀ ಧೂಳಲ್ಲ, ಕಬ್ಬಿಣದ ಪುಡಿ. ಒಣ ಗಾಜಿನ ಮೇಲೆ ಯಾರಾದರೂ ಮರೆತು ವೈಪರ್ ಒತ್ತಿದರೆ ಮುಗಿಯಿತು, ಪಾಲಿಶ್ ಕಾಗದದಿಂದ ತಿಕ್ಕಿದ ಹಾಗೆ ಗಾಜಿಗೆ ಗೀರು ಬೀಳುತ್ತದೆ. ಆಮೇಲೆ ಎದುರಿಗೆ ಸೂರ್ಯ ಬಂದರೆ ರಸ್ತೆಯೇ ಕಾಣುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಅರ್ತಿಂಗ್ ವೈರನ್ನು ಬಿಚ್ಚಿ, ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಗಾಜಿನ ಸುತ್ತಲಿನ ರಬ್ಬರಿನ ಹಿಂದೆ ತುರುಕಿಬಿಡುತ್ತೇವೆ. ಮೊದಲ ಮಳೆಗೆ ಮತ್ತೆ ಸಿಕ್ಕಿಸುತ್ತೇವೆ. ಮನೆಗೆ ಬಂದಾಗ ಚಪ್ಪಲಿ ಬಿಟ್ಟಷ್ಟೇ ಸಹಜ. ಯಾವಾಗ ಬಿಟ್ಟೆ ಎಂದು ಯಾರು ನೆನಪಿಡುತ್ತಾರೆ?

ಟಿ.ಬಿ. ಡ್ಯಾಂ ರಸ್ತೆಯಲ್ಲಿ ಒಬ್ಬ ಎಲೆಕ್ಟ್ರಿಕ್ ಮಿಸ್ತ್ರಿ ಇದ್ದರು. ವಯಸ್ಸು ಎಪ್ಪತ್ತರ ಆಸುಪಾಸು. ಒಂದು ತಗಡಿನ ಶೆಡ್ಡು, ಪಕ್ಕಕ್ಕೆ ಚಹಾದಂಗಡಿ. ಡೈನಮೋ, ಸ್ಟಾರ್ಟರ್, ವೈಪರ್ ಮೋಟರು, ಇಷ್ಟು ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಬೇರೆಯವರು ಇದು ಹೋಯಿತು, ಹೊಸದು ಹಾಕಿ ಎಂದು ಕೈಬಿಟ್ಟದ್ದನ್ನು ಬಿಚ್ಚಿಕೊಂಡು ಕೂರುತ್ತಿದ್ದರು. ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂದು, ಒಂದಾದ ಮೇಲೊಂದು ಆಪರೇಶನ್ ಆಗಿ, ಶೆಡ್ಡು ಆರು ತಿಂಗಳು ಮುಚ್ಚಿತ್ತು. ಈ ಬೇಸಿಗೆಯಲ್ಲಿ ಮತ್ತೆ ತೆಗೆದಿದ್ದಾರೆಂದು ಗೊತ್ತಾಗಿ ನಾನು ಗಾಡಿ ಒಯ್ದೆ. ಹಿಂದಿನ ಮಳೆಗಾಲದಲ್ಲಿ ನನ್ನ ವೈಪರು ಎರಡು ಸಲ ಒರೆಸಿ ಮೂರನೆಯ ಸಲಕ್ಕೆ ಗಾಜಿನ ನಟ್ಟನಡುವೆ ನಿಂತುಬಿಡುತ್ತಿತ್ತು.

ಆಪರೇಶನ್ ಆದ ಮೇಲೆ ಅವರ ಕೈಗೆ ಬಂದ ಮೊದಲ ಮೋಟರು ನನ್ನದು. ಅವರ ಮನೆಯಲ್ಲಿ ಹೆಂಡತಿ, ಇನ್ನು ಸಾಕು, ಈ ವಯಸ್ಸಿನಲ್ಲಿ ಕೈ ತಪ್ಪಿದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣಾಗುತ್ತದೆ ಎಂದು ಹಟ ಹಿಡಿದಿದ್ದರಂತೆ. ಇವರು ಆಕೆಗೆ ಒಂದು ಮಾತು ಕೊಟ್ಟು ಬಂದಿದ್ದರು.

"ಇದೊಂದು ಮೋಟರ್ ಕಟ್ಟತೀನಿ ಅಂತ ಹೇಳೀನಿ. ಮಳ್ಯಾಗ ನಡೀತು ಅಂದ್ರ ಅಂಗಡಿ ನಡಸ್ತೀನಿ. ನಿಂತ್ರ ಬಾಗ್ಲಾ ಹಾಕತೀನಿ. ಪರೀಕ್ಷಿ ನನ್ನ ಕಣ್ಣಿಗೆ ಐತ್ರಿ, ನಿಮ್ಮ ಮೋಟರಿಗಲ್ಲ."

ನಾನು ನಕ್ಕು, ನನ್ನ ಗಾಡಿ ನಿಮ್ಮನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿಸುತ್ತದೆ ಎಂದೆ. ಮಾತಿಗೇನು ಬರ, ಆಡಿದೆ.

ಅವತ್ತು ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅವರ ಪಕ್ಕದಲ್ಲೇ ಕೂತಿದ್ದೆ. ಮೋಟರು ಬಿಚ್ಚಿದರೆ ಒಳಗೆ ಗ್ರೀಸು ಮೇಣವಾಗಿ, ಅದರಲ್ಲಿ ಕೆಂಪು ಧೂಳು ಸೇರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಉಗುರಿನಷ್ಟು ಉಳಿದಿದ್ದವು. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದರು, ತಾಮ್ರದ ಪಟ್ಟಿಗಳ ನಡುವಿನ ಸಂದುಗಳನ್ನು ಸೂಜಿಯಿಂದ ಬಿಡಿಸಿದರು, ಹೊಸ ಬ್ರಷ್ಷು ಉಜ್ಜಿ ಉಜ್ಜಿ ಅಳತೆಗೆ ತಂದರು. ಪ್ರತಿಯೊಂದನ್ನೂ ಕೂಡಿಸಿದ ಮೇಲೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಮ್ಮೆ ನೋಡಿ ಮತ್ತೊಮ್ಮೆ ನೋಡುತ್ತಿದ್ದರು. ಮೊದಲು ಅವರು ಹಾಗೆ ಮಾಡುತ್ತಿರಲಿಲ್ಲ.

ಕೆಲಸ ಮಾಡುತ್ತಲೇ ನನಗೆ ಪಾಠವನ್ನೂ ಹೇಳಿದರು. ವೈಪರ್ ನಿಂತರೆ ಮೊದಲು ಮೋಟರನ್ನು ಬೈಯಬಾರದು. ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು, ಆಮೇಲೆ ಮೋಟರಿನ ತನಕ ಕರೆಂಟು ಬಂದಿದೆಯೋ ಇಲ್ಲವೋ, ಆಮೇಲೆ ಅರ್ತಿಂಗ್. ಇದೆಲ್ಲ ಸರಿಯಿದ್ದರೆ ಮಾತ್ರ ಮೋಟರಿಗೆ ಕೈ ಹಾಕು. ಹತ್ತರಲ್ಲಿ ಎಂಟು ಸಲ ಪಾಪ ಮೋಟರಿನ ತಪ್ಪೇ ಇರುವುದಿಲ್ಲ ಎಂದರು. ನಾನು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದೆ. ಗಾಡಿಗೆ ಕೂಡಿಸಿ ಗಾಜಿಗೆ ನೀರು ಹೊಡೆದು ಸ್ವಿಚ್ ಒತ್ತಿದಾಗ ವೈಪರು ಮಸ್ತಾಗಿ ಓಡಿತು. ಅರ್ಧ ಗಂಟೆ ಓಡಿಸಿದರೂ ಮೋಟರಿನ ಮೈ ಬೆಚ್ಚಗಾಗಲಿಲ್ಲ. ಮಳೆ ಬಂದ ದಿನ ಒಂದು ಫೋನ್ ಮಾಡಿ ಹೇಳಿ, ಅಷ್ಟು ಸಾಕು ಎಂದು ಮಿಸ್ತ್ರಿ ನನ್ನನ್ನು ಕಳಿಸಿದರು.

ಮುಂದಿನ ವಾರ ಸಂಡೂರಿಗೆ ಪೇರಲ ಮತ್ತು ಸೀತಾಫಲದ ಸಸಿಗಳ ಲೋಡಿತ್ತು. ಅದಿರು ಲಾರಿಗಳ ಸಾಲಿನ ಹಿಂದೆ ಒಂದು ಗಂಟೆ ಸಿಕ್ಕಿಹಾಕಿಕೊಂಡೆ. ಗಾಜು ಕೆಂಪಗಾಯಿತು. ಅಲ್ಲಿ ಏನು ಮಾಡಿದೆ ಎಂಬುದು ನನಗೆ ಇವತ್ತಿಗೂ ನೆನಪಿಲ್ಲ. ನೆನಪಿಲ್ಲ ಎನ್ನುವುದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ ಮಳೆ ಹುಯ್ದದ್ದು ಜೂನ್ ನಡುವಿಗೆ. ಕಂಪ್ಲಿ ದಾಟಿ ಮೆಟ್ರಿ ಎಂಬ ಊರಿಗೆ ಮೆಣಸಿನ ಸಸಿ ಒಯ್ಯುತ್ತಿದ್ದೆ, ಪಕ್ಕದಲ್ಲಿ ಹೆಂಡತಿ. ಕಬ್ಬಿನ ಹೊಲಗಳ ನಡುವಿನ ರಸ್ತೆ. ಆಕಾಶವೇ ಹರಿದು ಬಿದ್ದ ಹಾಗೆ ಮಳೆ ಬಂತು. ಸ್ವಿಚ್ ಒತ್ತಿದೆ, ವೈಪರು ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಗಾಜಿನ ಹೊರಗೆ ಏನೂ ಕಾಣುತ್ತಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಟವೆಲಿನಿಂದ ಒರೆಸಲು ಹೋದೆ, ಅಷ್ಟರಲ್ಲಿ ಎದುರಿಗೆ ಬಸ್ಸಿನ ಹಾರ್ನು. ಎಡಕ್ಕೆ ಎಳೆದೆ. ಗಾಡಿ ಕಾಲುವೆಯ ಏರಿಗೆ ಹತ್ತಿ, ವಾಲಿ, ನಿಂತಿತು. ಟ್ರೇಗಳೆಲ್ಲ ಕೆಸರಿಗೆ ಬಿದ್ದವು. ಹೆಂಡತಿಯ ಹಣೆ ಮುಂದಿನ ಕಬ್ಬಿಣಕ್ಕೆ ಬಡಿದು ಬುಗುಟೆ ಎದ್ದಿತು. ಇನ್ನು ಎರಡು ಮೊಳ ಜರುಗಿದ್ದರೆ ಇಬ್ಬರೂ ಕಾಲುವೆಯ ಪಾಲಾಗುತ್ತಿದ್ದೆವು. ಆ ಹೆದರಿಕೆಯೇ ಆಮೇಲೆ ಸಿಟ್ಟಾಯಿತು.

ಮಳೆ ನಿಂತ ಮೇಲೆ ಅವಳನ್ನು ಮನೆಯಲ್ಲಿ ಇಳಿಸಿ, ನೇರವಾಗಿ ಡ್ಯಾಂ ರಸ್ತೆಗೆ ಗಾಡಿ ಬಿಟ್ಟೆ. ಬೇಡ, ಇವತ್ತು ಹೋಗಬೇಡ ಎಂದಳು. ಕೇಳುವವನು ಯಾರು?

ಚಹಾದಂಗಡಿಯ ಮುಂದೆ ಹತ್ತು ಹನ್ನೆರಡು ಮಂದಿ ನಿಂತಿದ್ದರು, ಹೆಚ್ಚಿನವರು ಡ್ರೈವರುಗಳು. ಮಿಸ್ತ್ರಿ ನನ್ನನ್ನು ಕಂಡು ಎದ್ದು ಬಂದರು. ಬಂದ ರೀತಿ ನೋಡಿದರೆ, ನಾನು ಮೋಟರು ಓಡಿದ ಸುದ್ದಿ ಹೇಳಲು ಬಂದಿದ್ದೇನೆಂದೇ ತಿಳಿದಿದ್ದರು. ನಾನು ಗಾಡಿಯಿಂದ ಇಳಿಯುತ್ತಲೇ ಶುರು ಮಾಡಿದೆ. ಹೆಂಡತಿಯ ಹಣೆ, ಕಾಲುವೆ, ಕೆಸರಿನಲ್ಲಿ ಬಿದ್ದ ಸಸಿ, ಎಲ್ಲ ಒದರಿದೆ. ಅವರು ಒಳಗೆ ಹೋಗಿ ತಮ್ಮ ಟೆಸ್ಟ್ ಲ್ಯಾಂಪು ತಂದರು; ಎರಡು ವೈರಿನ ತುದಿಗೆ ಕಟ್ಟಿದ ಪುಟ್ಟ ಬಲ್ಬು ಅದು. ನೋಡುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದರು. ಅವತ್ತು ಅವರಿಗೆ ನೋಡಲು ಬಿಟ್ಟಿದ್ದರೆ ಐದು ನಿಮಿಷದ ಮಾತು. ನಾನು ಬಾಗಿಲನ್ನು ಅವರ ಮುಖದೆದುರು ಧಡಾರೆಂದು ಮುಚ್ಚಿದೆ.

"ಕೈ ಹಚ್ಚಬ್ಯಾಡ್ರಿ ನನ್ನ ಗಾಡಿಗೆ. ಕಣ್ಣು ಕಾಣ್ದಿದ್ರ ಮನ್ಯಾಗ ಕುಂದ್ರಬೇಕು. ಮಂದೀನ ಯಾಕ ಕೊಲ್ಲತೀರಿ?"

ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಕಾಯುತ್ತದೆ. ನಾಚಿಕೆಗೆಟ್ಟ ಮಾತು. ನನ್ನ ಅಪ್ಪನ ವಯಸ್ಸಿನ ಮನುಷ್ಯ, ಹನ್ನೆರಡು ಜನರ ಎದುರಿಗೆ. ಅವರು ಜಗಳಕ್ಕೆ ಬರಲಿಲ್ಲ. ಕೈಯಲ್ಲಿದ್ದ ಬಲ್ಬನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿದರು, ತಪ್ಪಾಗಿರಬಹುದು ಎಂದರು. ಇಷ್ಟೇ. ನಿಂತವರಲ್ಲಿ ಯಾರೋ ಮೊಬೈಲ್ ಎತ್ತಿ ನನ್ನ ಪ್ರತಾಪವನ್ನೆಲ್ಲ ವಿಡಿಯೋ ಹಿಡಿದಿದ್ದರು. ಸಂಜೆಯೊಳಗೆ ಅದು ಡ್ರೈವರುಗಳ ವಾಟ್ಸಾಪ್ ಗುಂಪಿನಲ್ಲಿ ಸುತ್ತಿತು. ಸರಿಯಾಗಿ ಬೈದಿರಿ ಬಿಡಿ ಎಂದು ನನಗೆ ನಾಲ್ಕು ಜನ ಮೆಸೇಜು ಹಾಕಿದರು. ನಾನು ಅದನ್ನು ಎರಡು ಸಲ ನೋಡಿ ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆದು ಏನು ಉಪಯೋಗ?

ಮುಂದಿನ ನಾಲ್ಕು ದಿನ ಗಾಜಿಗೆ ಬೀಡಿ ತಂಬಾಕು ತಿಕ್ಕಿಕೊಂಡು ಗಾಡಿ ಓಡಿಸಿದೆ. ತಂಬಾಕಿನ ರಸ ಹತ್ತಿದರೆ ಮಳೆ ನೀರು ಗಾಜಿನ ಮೇಲೆ ನಿಲ್ಲದೆ ಜಾರುತ್ತದೆ, ಅದೂ ಲಾರಿಯವರ ಉಪಾಯವೇ. ಐದನೆಯ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಮುದುಕ ಏನು ಎಡವಟ್ಟು ಮಾಡಿದ್ದಾನೆಂದು ನಾನೇ ನೋಡಿಬಿಡುತ್ತೇನೆ, ಫೋಟೋ ತೆಗೆದು ಗುಂಪಿಗೆ ಹಾಕುತ್ತೇನೆ ಎಂದು ಅಂಗಳದಲ್ಲಿ ಮೋಟರಿನ ಮುಚ್ಚಳ ತೆಗೆದೆ.

ಒಳಗೆ ದೇವರ ಕೋಣೆಯಷ್ಟು ಚೊಕ್ಕಟ. ಬ್ರಷ್ಷು ನೇರವಾಗಿ ಕೂತಿದ್ದವು. ತಾಮ್ರ ಫಳಫಳ. ಗ್ರೀಸು ಬೆಣ್ಣೆಯ ಹಾಗಿತ್ತು. ನನಗೆ ಮೊದಲು ಬಂದದ್ದು ನಿರಾಶೆ! ತಪ್ಪು ಸಿಗಲಿಲ್ಲವಲ್ಲ ಎಂದು. ಬ್ಯಾಟರಿಯಿಂದ ಬೇರೆ ಎರಡು ವೈರು ತಂದು ನೇರವಾಗಿ ಮುಟ್ಟಿಸಿದೆ, ಮೋಟರು ಜುಯ್ಯೆಂದು ತಿರುಗಿತು. ಆಗ ಅವರು ಹೇಳಿದ ಪಾಠವನ್ನೇ ಹಿಡಿದು ಹೋದೆ. ಫ್ಯೂಸು ಇದೆ. ಸ್ವಿಚ್ಚು ಸರಿಯಿದೆ. ಮೋಟರಿನ ತನಕ ಕರೆಂಟು ಬಂದಿದೆ. ಉಳಿದದ್ದು ಅರ್ತಿಂಗ್. ಕರಿ ವೈರನ್ನು ಬೆರಳಲ್ಲಿ ಹಿಡಿದು ಎಳೆಯುತ್ತಾ ಹೋದೆ. ಅದು ಬೋಲ್ಟಿನ ಕಡೆಗೆ ಹೋಗದೆ ಗಾಜಿನ ರಬ್ಬರಿನ ಹಿಂದಕ್ಕೆ ಹೋಗಿತ್ತು. ಎಳೆದರೆ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ. ಎರಡು ಸುತ್ತು ಸುತ್ತಿ ಮೂರನೆಯದನ್ನು ಅಡಿಯಿಂದ ತೂರಿಸಿದ ಗಂಟು. ಆ ಗಂಟು ಹಾಕುವವನು ನಾನು.

ವೈರಿನ ತುದಿ ತಿಕ್ಕಿ, ಬೋಲ್ಟಿಗೆ ಸಿಕ್ಕಿಸಿ, ಸ್ವಿಚ್ ಒತ್ತಿದೆ. ವೈಪರು ಓಡಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಹಣೆಯ ಮೇಲೆ ಬುಗುಟೆ ಇನ್ನೂ ಹಸಿರುಗಟ್ಟಿತ್ತು. ನನ್ನ ಮುಖ ನೋಡಿಯೇ ಅವಳಿಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ನಾನು ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಬಂದಿಯಲ್ಲ ಎಂದಳು. ಈಗಲೇ ಹೋಗು, ಕಾಲಿಗೆ ಬಿದ್ದು ಬಾ, ಬೇಕಾದರೆ ನಾನೂ ಬರುತ್ತೇನೆ ಎಂದಳು.

ನಾಳೆ ಹೋಗುತ್ತೇನೆ ಎಂದೆ.

ಆ ನಾಳೆ ಬರಲು ಐವತ್ತು ದಿನ ಬೇಕಾಯಿತು. ಮೊದಲ ವಾರ ಆರ್ಡರುಗಳ ಗದ್ದಲವಿತ್ತು, ಅದು ನಿಜ. ಎರಡನೆಯ ವಾರದಿಂದ ನಾನು ಹೇಳಿದ್ದೆಲ್ಲ ಸುಳ್ಳು. ಮೆಟ್ರಿಗೆ ಲೋಡಿದೆ ಎಂದು ಹೇಳಿ ಖಾಲಿ ಗಾಡಿಯಲ್ಲಿ ಕಂಪ್ಲಿಯ ತನಕ ಹೋಗಿ, ಹೊಳೆಯ ಸೇತುವೆಯ ಹತ್ತಿರ ಕೂತು ವಾಪಸ್ಸು ಬಂದ ದಿನಗಳೂ ಇವೆ. ಡ್ರೈವರುಗಳ ಗುಂಪಿಗೆ ಒಂದು ವಾಯ್ಸ್ ಮೆಸೇಜು ಮಾಡಿದೆ, ತಪ್ಪು ನನ್ನದು, ಮಿಸ್ತ್ರಿಯದಲ್ಲ ಎಂದು. ಕಳಿಸುವ ಮುಂಚೆ ಒಮ್ಮೆ ಕೇಳಿದೆ. ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು, ಅಳಿಸಿಹಾಕಿದೆ. ಇಡೀ ಗುಂಪು ನನ್ನನ್ನು ನೋಡಿ ನಗುತ್ತದೆಂಬ ಭಯ. ಎಂಟು ವರ್ಷ ಲಾರಿಯ ಸ್ಟೇರಿಂಗ್ ಹಿಡಿದವನಿಗೆ ಅರ್ತಿಂಗ್ ಗೊತ್ತಾಗಲಿಲ್ಲವೇ ಎನ್ನುತ್ತಾರಲ್ಲ! ಇಷ್ಟೇ ನನ್ನ ಮರ್ಯಾದೆಯ ಅಳತೆ.

ಅತ್ತ ಶೆಡ್ಡಿಗೆ ಬೀಗ ಬಿದ್ದಿತ್ತು. ನಾನು ಬೈದ ಮರುದಿನವೇ. ಬೇರೆ ಬೇರೆಯವರಿಂದ ಸುದ್ದಿ ಬರುತ್ತಿತ್ತು. ಯಾರೋ ಡೈನಮೋ ಒಯ್ದರೆ, ನನ್ನ ಕಣ್ಣು ಹೋಗಿವೆ, ಬ್ರಷ್ಷು ಸೊಟ್ಟ ಕೂಡಿಸುತ್ತೇನೆ, ಬೇರೆಯವರ ಹತ್ತಿರ ಹೋಗಿ ಎಂದು ಕಳಿಸಿದರಂತೆ. ತಪ್ಪನ್ನು ಅವರು ಒಪ್ಪಿಕೊಂಡಿದ್ದರು. ಮಾಡದ ತಪ್ಪನ್ನು! ಜಗಳ ಮಾಡಿದ್ದರೆ, ನನ್ನನ್ನು ನಾಲ್ಕು ಜನರ ಮುಂದೆ ಉಗಿದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಪೆಟ್ಟಿಗೆ, ಬೆಂಚು, ಪಾನಾ, ಎಲ್ಲ ಸಲಕರಣೆಗಳನ್ನೂ ತೋರಣಗಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ದೂರದ ಸಂಬಂಧಿಗೆ ಕೊಟ್ಟುಬಿಟ್ಟರು ಎಂಬ ಸುದ್ದಿ ಬಂದ ದಿನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಎಂಥ ಉಪಾಯ ಅಂತೀರಿ, ಹೇಡಿಯ ಉಪಾಯ. ವೈರನ್ನು ಮೊದಲಿನ ಹಾಗೆಯೇ ಬಿಚ್ಚಿ, ಅದೇ ಟ್ಯೂಬಿನ ಪಟ್ಟಿ ಸುತ್ತಿ, ಅಲ್ಲೇ ತುರುಕಿ, ಗಾಡಿಯನ್ನು ಅವರ ಮನೆಗೆ ಒಯ್ಯುವುದು. ಇನ್ನೂ ಕೆಟ್ಟೇ ಇದೆ, ಒಮ್ಮೆ ನೋಡಿ ಎಂದು ಬೇಡಿಕೊಳ್ಳುವುದು. ಅವರೇ ಹುಡುಕುತ್ತಾರೆ, ಮೋಟರು ಸರಿಯಿದೆಯೆಂದು ಅವರಿಗೇ ಗೊತ್ತಾಗುತ್ತದೆ. ನಾನು ಅಯ್ಯೋ, ಮರೆತಿದ್ದೆನಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತೇನೆ. ಅವರ ಕಣ್ಣು ಅವರಿಗೆ ಸಿಗುತ್ತದೆ, ಐವತ್ತು ದಿನ ಬಾಯಿ ಮುಚ್ಚಿಕೊಂಡಿದ್ದ ಸಂಗತಿ ಯಾರಿಗೂ ಗೊತ್ತಾಗುವುದಿಲ್ಲ. ಹೆಂಡತಿಗೆ ಇದನ್ನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಡ್ಯಾಂ ಹತ್ತಿರ ಗಾಡಿ ನಿಲ್ಲಿಸಿ ವೈರು ಬಿಚ್ಚಿದೆ. ಗಂಟು ಎರಡು ಸಲ ತಪ್ಪಿತು.

ಮಿಸ್ತ್ರಿಯ ಮನೆ ಹಳೆಯ ಕ್ವಾರ್ಟರ್ಸುಗಳ ಹಿಂದಿನ ಓಣಿಯಲ್ಲಿ. ನಾನು ಹೋದಾಗ ಅವರು ಹಿತ್ತಲಿನಿಂದ ಬರುತ್ತಿದ್ದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯನ್ನು ಹೆಂಡತಿ ಹಿಡಿದಿದ್ದರು. ಆಪರೇಶನ್ ಆದ ಮೇಲೆ ಡ್ಯಾಂ ರಸ್ತೆಯ ತನಕ ಸೈಕಲ್ ತುಳಿದುಕೊಂಡು ಬರುತ್ತಿದ್ದ ಮನುಷ್ಯ. ಸೈಕಲ್ಲನ್ನೂ ಕೊಟ್ಟುಬಿಟ್ಟರಂತೆ. ಪೇಪರನ್ನು ಹೆಂಡತಿ ಓದಿ ಹೇಳುತ್ತಾರಂತೆ. ಕಣ್ಣಿನ ಡಾಕ್ಟರಿಗೆ ತೋರಿಸಿದೆವು, ಎಲ್ಲ ಸರಿಯಿದೆ ಎಂದರು, ಇವರು ನಂಬುವುದಿಲ್ಲ ಎಂದು ಆಕೆ ನನಗೇ ಹೇಳಿದರು. ಮಿಸ್ತ್ರಿ ಅದಕ್ಕೆ, ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ಬ್ರಷ್ಷು ಕೂಡಿಸಲು ಹೇಳುತ್ತಾರೇನು ಎಂದು ಸಣ್ಣಗೆ ನಕ್ಕರು. ಆ ಗೋಡೆ ಹಿಡಿದ ಕೈಯನ್ನು ನೋಡಿಯೂ ನಾನು ನಿಜ ಹೇಳಲಿಲ್ಲ. ಅಂದುಕೊಂಡ ಹಾಗೆಯೇ ಸುಳ್ಳನ್ನು ಒಪ್ಪಿಸಿದೆ.

ಮೊದಲು ಬೇಡವೆಂದರು. ಅವರ ಹೆಂಡತಿ, ಹೋಗಿ ನೋಡಿ ಎಂದ ಮೇಲೆ ಬಂದರು. ಟೆಸ್ಟ್ ಲ್ಯಾಂಪು ಇರಲಿಲ್ಲ. ಗಾಡಿಯ ಹಿಂದಿನ ದೀಪದ ಬಲ್ಬನ್ನು ಬಿಚ್ಚಿಕೊಡಲು ನನಗೆ ಹೇಳಿ, ಎರಡು ತುಂಡು ವೈರು ಸುತ್ತಿಕೊಂಡು, ಸೀಟಿನ ಮೇಲೆ ಹತ್ತಿ ಕೂತರು. ಮೊದಮೊದಲು ಬೆರಳಲ್ಲಿ ತಡವುತ್ತಿದ್ದರು. ಫ್ಯೂಸು, ಸ್ವಿಚ್ಚು, ಮೋಟರಿನ ತುದಿ, ಬಲ್ಬು ಹತ್ತುತ್ತಾ ಹೋಯಿತು. ಇನ್ನೊಂದು ವೈರನ್ನು ಮೋಟರಿನ ಮೈಗೆ ಮುಟ್ಟಿಸಿದಾಗ ಹತ್ತಲಿಲ್ಲ. ಅವರ ಬೆನ್ನು ನೆಟ್ಟಗಾಯಿತು. ಕರಿ ವೈರು ಹಿಡಿದು ರಬ್ಬರಿನ ಹಿಂದೆ ಬೆರಳು ಹಾಕಿ ಪಟ್ಟಿಯನ್ನು ಹೊರಗೆಳೆದರು. ಎರಡೇ ನಿಮಿಷ, ಅಷ್ಟೇ. ಗಂಟು ಬಿಚ್ಚಿ ವೈರನ್ನು ಬೋಲ್ಟಿಗೆ ಮುಟ್ಟಿಸಿ ಸ್ವಿಚ್ ಒತ್ತಿದರು. ವೈಪರು ಓಡಿತು.

ಅವರ ಮುಖ ಹೇಗಾಯಿತೆಂದು ನಾನು ಹೇಳಲಾರೆ. ಕಿಟಕಿಯಿಂದ ತಲೆ ಹೊರಹಾಕಿ ಹೆಂಡತಿಯನ್ನು ಕೂಗಿದರು. "ಏ, ಬಾ ಇಲ್ಲಿ. ಮೋಟರ್ ಚೊಲೋ ಐತಿ. ನಾ ಸರಿ ಕಟ್ಟಿದ್ದೆ." ಆಕೆ ಬಾಗಿಲಿಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಂದುಕೊಂಡಿದ್ದ ಹಾಗೆ ಹಣೆ ಚಚ್ಚಿಕೊಂಡೆ. ಅಯ್ಯೋ, ಸಂಡೂರಿನಲ್ಲಿ ನಾನೇ ಬಿಚ್ಚಿದ್ದಿರಬೇಕು ಎಂದೆ. ನಾಟಕ ಚೆನ್ನಾಗಿಯೇ ನಡೆದಿತ್ತು.

ಮಿಸ್ತ್ರಿ ಇನ್ನೂ ಸೀಟಿನ ಮೇಲೇ ಕೂತಿದ್ದರು, ಓಡುವ ವೈಪರನ್ನು ನೋಡುತ್ತಾ. ನೋಡುತ್ತಾ ನೋಡುತ್ತಾ ಸ್ವಿಚ್ ಆರಿಸಿದರು. ಗಾಜಿನ ಮೇಲೆ ಹಿಂದಿನ ದಿನದ ಮಳೆಯ ರಾಡಿ ಒಣಗಿ ಕೂತಿತ್ತು. ಅಂಚುಗಳಲ್ಲೆಲ್ಲ ದಪ್ಪಗೆ ಕೆಂಪು ಮಣ್ಣು. ನಡುವೆ ಮಾತ್ರ, ವೈಪರು ಆಡುವಷ್ಟು ಜಾಗ, ನಿನ್ನೆಯ ಮಳೆಯಲ್ಲೇ ಒರೆಸಿಕೊಂಡು ಸ್ವಚ್ಛವಾಗಿತ್ತು. ಈಗಿನ ಒಣ ಓಟಕ್ಕೆ ಅಷ್ಟು ನೀಟಾಗಿ ಹೋಗುವ ಮಣ್ಣಲ್ಲ ಅದು. ವೈರು ಬಿಚ್ಚುವಾಗ ನನಗೆ ಅದು ಹೊಳೆದಿರಲಿಲ್ಲ. ಜೂನಿನಿಂದ ನಿಂತಿದೆ ಎಂದು ನಾನು ಹೇಳಿದ ವೈಪರು ನಿನ್ನೆ ಗಾಜನ್ನು ಒರೆಸಿತ್ತು. ಅವರು ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತುಕ್ಕಿಲ್ಲದೆ ಹೊಳೆಯುತ್ತಿದ್ದ ಬೋಲ್ಟನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾವಾಗ ಗೊತ್ತಾತು ನಿಮಗ?"

ನಿನ್ನೆ ಎಂದೆ. ಅವರು ಗಾಜಿನ ಮೇಲಿನ ಆ ಗೆರೆಗೆ ಬೆರಳಿಟ್ಟು ತೋರಿಸಿದರು. ಬೈದಿದ್ದರೆ ಆ ಸುಳ್ಳನ್ನೇ ಹಿಡಿದುಕೊಂಡು ನಿಲ್ಲುತ್ತಿದ್ದೆನೇನೋ. ಆ ಬೆರಳಿನ ಮುಂದೆ ಸುಳ್ಳು ನಿಲ್ಲಲಿಲ್ಲ. ಮಿರಗದಲ್ಲೇ ಗೊತ್ತಾಯ್ತು, ನಿಮಗೆ ಬೈದು ಐದು ದಿನಕ್ಕೆ ಎಂದೆ.

ಗಾಡಿಯಿಂದ ತಾವೇ ಇಳಿದರು. ಗೋಡೆ ಹಿಡಿಯದೆ, ಯಾರ ಕೈಯನ್ನೂ ಕೇಳದೆ, ಕಟ್ಟೆಯ ತನಕ ನಡೆದು ಹೋಗಿ ಕೂತರು. ನನಗೆ ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, ಲೆಕ್ಕ ಒಪ್ಪಿಸುವವರ ಹಾಗೆ ಒಂದೊಂದೇ ಮಾತಾಡಿದರು.

"ಅಂಗಡಿ ಹೋತು, ಹೋಗ್ಲಿ. ಇವತ್ತಲ್ಲ ನಾಳೆ ಮುಚ್ಚೋದ ಇತ್ತು. ಸಿಟ್ಟಿನ್ಯಾಗ ಅಂದ್ರಿ, ಅದೂ ಇರ್ಲಿ, ಹೆಂಡ್ತಿಗೆ ಪೆಟ್ಟಾಗಿತ್ತು, ಯಾರಾದ್ರೂ ಅಂತಿದ್ರು. ಐವತ್ತು ದಿನ ಈಕಿ ಕೈ ಹಿಡ್ಕೊಂಡು ಬಚ್ಚಲಕ್ಕ ಹೋಗೀನ್ರಿ ನಾನು. ನಾ ಕುರುಡ ಅಲ್ಲ ಅನ್ನೋದು ಈ ಊರಾಗ ನನಗ ಗೊತ್ತಿದ್ದಿಲ್ಲ, ಈಕಿಗೆ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತು."

ನಾನು ಕೈ ಮುಗಿದೆ. ಅವರು ಅದನ್ನು ನೋಡಿದರು, ಎದ್ದು ತಾವೇ ನಡೆದು ಮನೆಯೊಳಗೆ ಹೋದರು.